ತಾಯಿ ಹದ ಮಾಡಿದ ನೀರು

ಸೊಲ್ಲಾಪುರ ರಸ್ತೆದಾಗ ಗ್ಯಾರೇಜುಗಳ ಹಿಂದ ಒಂದು ಓಣಿ ಐತಿ. ಆ ಓಣಿಯ ಒಂದು ಮನಿಗೆ ನಾನು ಎರಿಯಾಕ ಹೋಗಿದ್ದು ನಲವತ್ತು ದಿವಸದ ಮಾತಿನ ಮ್ಯಾಲೆ. ಎರಿಯೂದು ಅಂದ್ರ ಬಾಣಂತಿಗೆ ಎಣ್ಣಿ ತಿಕ್ಕಿ ನೀರು ಹಾಕೂದು, ಕೂಸಿನ್ನ ಕಾಲ ಮ್ಯಾಲೆ ಮಲಗಿಸಿಕೊಂಡು ನೀರು ಹಾಕೂದು, ಇಬ್ಬರಿಗೂ ಹೊಗಿ ಕೊಟ್ಟು ಬೆಚ್ಚಗ ಸುತ್ತೂದು. ನನ್ನ ಕೆಲಸ ಅದ. ಭೂತನಾಳದಿಂದ ಬೆಳಿಗ್ಗೆ ಟಂಟಂ ಹಿಡದು ಬರತೇನಿ, ಎರಡು ಮನಿ ಮುಗಿಸಿ ಮಧ್ಯಾಹ್ನಕ್ಕ ಹೊಳ್ಳಿ ಹೋಗತೇನಿ. ಬಾಯಿ ಜೋರು ಅಂತ ನನಗ ಹೆಸರು ಐತಿ. ಇದ್ದದ್ದನ್ನ ಇದ್ದಂಗ ಹೇಳತೇನಿ. ಆ ಮನ್ಯಾಗ ಮಾತ್ರ ಏಳು ದಿವಸ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನ ಬರಿಯಾಕ ಕುಂತೇನಿ.

ಬಾಣಂತಿ ಹೈಸ್ಕೂಲಿನ್ಯಾಗ ಗಣಿತ ಕಲಸಾಕಿ. ವಯಸ್ಸು ನಲವತ್ತೊಂದು, ಚೊಚ್ಚಲ. ನೌಕರಿ ಸಿಕ್ಕ ಮ್ಯಾಲೆ ಲಗ್ನ ಆಗಿ, ಎಂಟು ವರ್ಷ ದವಾಖಾನಿಗೆ ಅಡ್ಡಾಡಿ ಹೆಣ್ಣು ಹಡದಿದ್ದಳು. ಹೊಟ್ಟಿ ಕೊಯ್ದು ತಗದದ್ದು. ನಮ್ಮ ಕಡೆ ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು. ಆಕಿ ತವರು ಬಿಜ್ಜರಗಿ. ಡಾಕ್ಟರ್ ಬ್ಯಾಡ ಅಂದರು. ಬಿಪಿ ಐತಿ, ಹೊಲಿಗಿ ಹಸಿ ಐತಿ, ಏನಾರ ಆದ್ರ ಅಲ್ಲಿಂದ ಬರೂದರಾಗ ತಡ ಆಗತೈತಿ ಅಂದರು. ಹಿಂಗಾಗಿ ಮಗಳು ತವರಿಗೆ ಹೋಗಲಿಲ್ಲ, ತವರ ಮಗಳ ಕಡೆ ಬಂತು.

ಅವರು ಬಂದಿಳದ ದಿವಸ ನಾನು ಅಲ್ಲೇ ಇದ್ದೆ. ಒಂದು ಟಂಟಂ ತುಂಬ ಸಾಮಾನು. ತಾಮ್ರದ ಹಂಡೆ, ಕಟಗಿ ಹೊರಿ, ಹಳೇ ಟ್ರಂಕ್, ಅಂಟಿನ ಉಂಡಿ ಡಬ್ಬಿ. "ಹುಷಾರ ಲೇ ತಮ್ಮಾ, ಹಂಡೆ ನಗ್ಗೀತು!" ಅಂತ ಡ್ರೈವರಗ ಬೈಕೋತ ಬಾಣಂತಿಯ ಅವ್ವ ಇಳದಳು. ಎಪ್ಪತ್ತು ದಾಟಿದಾಕಿ, ತೆಳ್ಳಗ ನೆಟ್ಟಗ ಇದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡಾಕಿ, ಅದಕ್ಕ ಅವತ್ತಿಂದ ಆಕಿಗೆ ನಾನು ಯಕ್ಕ ಅಂತನ ಕರದೆ. ಆಕಿ ಹಿಂದ ಆಕಿಯ ಯಜಮಾನ ಇಳದ. ಕಿವಿ ಮಂದ, ಮೊಣಕಾಲು ಹಿಡದಾವು, ಆದ್ರೂ ಕಟಗಿ ಹೊರಿ ತಾನ ಎತ್ತತೇನಿ ಅಂತ ಜಗಳಕ್ಕ ನಿಂತ.

ನಾನು ಯಕ್ಕನ ಕಾಲು ನೋಡಿದೆ. ಒಂದರಾಗ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು.

"ಯಕ್ಕಾ, ಇನ್ನೊಂದು ಚಪ್ಪಲಿ ಎಲ್ಲಿ ಹೋತ್ರಿ?"

ಆಕಿ ಬಗ್ಗಿ ನೋಡಿಕೊಂಡಳು. "ಅಯ್ಯ ಶಿವನ! ಟಿಕೋಟಾದಾಗ ಚಾ ಕುಡಿಯಾಕ ಇಳದಿದ್ದೆ. ಅಲ್ಲೇ ಉಳೀತು ಕಾಣತೈತಿ."

"ಟಿಕೋಟಾದಿಂದ ಇಲ್ಲೀತನಕ ಗೊತ್ತಾಗಲಿಲ್ಲೇನು?"

"ಮೊಮ್ಮಗಳನ್ನ ನೋಡೂ ಆತುರದಾಗ ಕಾಲು ಯಾರಿಗೆ ನೆನಪಿರತಾವ ಬೇ!"

ಎಲ್ಲಾರೂ ನಕ್ಕರು. ನಾನೂ ನಕ್ಕೆ. ಮೂವತ್ತು ವರ್ಷ ಮೈ ತಿಕ್ಕಿದ ಕೈ ನನ್ನದು, ಮೈ ನೋಡಿದ ಕೂಡಲೆ ಬ್ಯಾನಿ ಹೇಳತೇನಿ ಅಂತ ಜಂಬ ಇತ್ತು. ಅವತ್ತ ಆ ಕಾಲು ಹಿಡದು ನೋಡಬೇಕಿತ್ತು. ನೋಡಲಿಲ್ಲ.

ಯಕ್ಕನಿಗೆ ಎರಡು ಗಂಡು, ಕಡೀಕ ಇದೊಂದು ಹೆಣ್ಣು. ಗಂಡಸು ಮಕ್ಕಳಿಗೆ ಐದು ಮಂದಿ ಮಕ್ಕಳು ಅದಾರ. ಆ ಐದರಾಗ ಒಂದನ್ನೂ ಆಕಿ ಎರದಿಲ್ಲ. ಸೊಸೆಯರು ಹಡಿಯಾಕ ತಮ್ಮ ತಮ್ಮ ತವರಿಗೆ ಹೋಗತಾರ, ಮೂರನೇ ತಿಂಗಳದಾಗೋ ಐದನೇ ತಿಂಗಳದಾಗೋ ದುಂಡ ದುಂಡಗಾದ ಕೂಸಿನ್ನ ತಗೊಂಡು ಬರತಾರ. ಒಬ್ಬ ತಾಯಿ ಬಾಣಂತನ ಮಾಡಬೇಕಂದ್ರ ಆಕಿಗೆ ಮಗಳ ಬೇಕು. ಈಕಿಗೆ ಇದ್ದ ಒಬ್ಬ ಮಗಳಿಗೆ ನಲವತ್ತು ದಾಟಿತು. ಅಲ್ಲೀತನಕ ಈಕಿ ಕಾಯ್ಕೋತ ಕುಂತಿದ್ದಳು. ಟ್ರಂಕ್ ತಗದು ನನಗ ತೋರಿಸಿದಳು. ಮಗಳ ಲಗ್ನ ಆದ ವರ್ಷ ಕೂಸಿನ ತಲಿಗಂತ ಹೊಲದಿಟ್ಟ ಕುಂಚಿಗಿ ಮೂರು, ಚೂರು ಬಟ್ಟಿ ಕೂಡಿಸಿ ಹೊಲದ ಸಣ್ಣ ಕೌದಿ ನಾಕು. ಒಂದು ಕುಂಚಿಗಿ ಕೈಯಾಗ ಹಿಡದು ಜಗ್ಗಿದೆ, ಪರ್ ಅಂತ ಹರೀತು. ತೊಡೂ ಕೂಸು ಬರೂದರಾಗ ಬಟ್ಟಿನ ಮುದಿ ಆಗಿತ್ತು.

"ಹರದ್ರ ಹರೀಲಿ, ಇನ್ನೂ ಎರಡು ಅದಾವ," ಅಂದಳು ಯಕ್ಕ.

ಮನ್ಯಾಗ ಗೀಜರ್ ಇತ್ತು. ಯಕ್ಕ ಅದರ ಕಡೆ ಹೊಳ್ಳಿ ನೋಡಲಿಲ್ಲ. ಹಿತ್ತಲದಾಗ, ಬಚ್ಚಲ ಬಾಗಲಕ್ಕ ಹತ್ತಿ, ಮೂರು ಕಲ್ಲು ಇಡಿಸಿ ಹಂಡೆ ಏರಿಸಿದಳು. ಆ ಹಂಡೆ ಆಕಿ ಅವ್ವ ಕೊಟ್ಟದ್ದು, ಆಕಿಯ ಮೂರು ಬಾಣಂತನದ ನೀರೂ ಅದರಾಗ ಕಾದದ್ದು. ಬೆಂಕಿ ಕೆಲಸ ಯಜಮಾನಂದು. ದಿನಾ ಬೆಳಿಗ್ಗೆ ಕಟಗಿ ಮಣಿ ಹಾಕಿಕೊಂಡು ಕುಂತು, ಊದುಗೊಳವಿ ಹಿಡದು ಊದಿದ್ದ ಊದಿದ್ದು.

ಹತ್ತನೇ ದಿವಸ ಹೊಲಿಗಿ ಬಿಚ್ಚಿದರು. ಅಲ್ಲೀತನಕ ಬಾಣಂತಿಗೂ ಕೂಸಿಗೂ ಒದ್ದಿ ಬಟ್ಟೀಲೆ ಒರಸಿದ್ದಷ್ಟ. ಇನ್ನ ಎರೀಬಹುದು, ಹೊಟ್ಟಿ ಮುಟ್ಟಬ್ಯಾಡ್ರಿ ಅಂದರು ಡಾಕ್ಟರ್. ಅವತ್ತ ಯಕ್ಕ ನನ್ನ ಜೋಡಿ ಕೆಲಸ ಹಂಚಿಕೊಂಡಳು.

"ನೋಡಬೇ, ಎಣ್ಣಿ ತಿಕ್ಕೂದು ನಿಂದು. ನನ್ನ ಬೆರಳಾಗ ಕಸುವಿಲ್ಲ. ಕೂಸಿಗೆ ಎರಿಯೂದೂ ನಿಂದು. ಮಗಳ ಮೈಮ್ಯಾಲಿನ ನೀರು ಮಾತ್ರ ನಂದು. ಹದ ಮಾಡೂದೂ ನಾನ, ಹಾಕೂದೂ ನಾನ."

"ಮಾಡ್ರಿ. ನಿಮ್ಮ ಮಗಳು."

"ತೊಟ್ಟಲಕ್ಕ ಹಾಕೂ ದಿವಸ ಕೂಸಿಗೂ ನಾನ ಎರಿಯಾಕಿ. ಅವತ್ತ ಯಾರೂ ನಡಕ ಬಾಯಿ ಹಾಕಬಾರದು."

ಆತು ಅಂದೆ. ತೊಟ್ಟಲಕ್ಕ, ಅಂದ್ರ ಹೆಸರಿಡಾಕ, ಇಪ್ಪತ್ತೊಂದನೇ ದಿವಸ ಗೊತ್ತು ಮಾಡಿದ್ದರು.

ಕೆಲಸದ ಕ್ರಮ ಹಿಂಗ ನಡೀತಿತ್ತು. ಮೊದಲ ಕೂಸು. ಕೂಸಿನ ನೀರು ನಾನ ಹದ ಮಾಡತೇನಿ, ಅದನ್ನ ಯಾರ ಕೈಯಾಗೂ ಕೊಡೂದಿಲ್ಲ. ಮೊಣಕೈ ಇಟ್ಟು ನೋಡತೇನಿ, ಅಂಗೈ ನಂಬೂದಿಲ್ಲ. ಅಂಗೈ ಜ್ವಾಳದ ರೊಟ್ಟಿ ಬಡದು ಬಡದು ದಪ್ಪಾಗಿರತೈತಿ. ಕೂಸಿನ ಕೆಲಸ ಮುಗದ ಮ್ಯಾಲೆ ಬಾಣಂತಿಗೆ ಕುತಗಿಯಿಂದ ಹಿಂಬಡದ ತನಕ ಎಣ್ಣಿ. ಆಮ್ಯಾಲೆ ಆಕಿ ಬಚ್ಚಲಕ್ಕ ಹೋಗತಿದ್ದಳು, ಯಕ್ಕ ಹಿತ್ತಲದಾಗ ಬಕೆಟ್ಟಿನ್ಯಾಗ ಬಿಸಿನೀರು ತೋಡಿ, ತಣ್ಣೀರು ಬೆರಸಿ, ಅಂಗೈ ಅದ್ದಿ ನೋಡಿ, ಒಳಗ ಹೋಗಿ ಬಾಗಲ ಹಾಕಿಕೊಳ್ಳತಿದ್ದಳು. ಅಷ್ಟರಾಗ ನಾನು ಒಳಗಿನ ಕೋಲ್ಯಾಗ ಕೂಸಿಗೆ ಲೋಬಾನದ ಹೊಗಿ ಹಿಡೀತಿದ್ದೆ. ಬಚ್ಚಲದಾಗ ಏನಾಗತೈತಿ ಅಂತ ನಾನು ನೋಡಲಿಲ್ಲ. ತಾಯಿ ಮಗಳ ನಡುವ ನಾ ಯಾಕ ಅಂದುಕೊಂಡೆ.

ಯಕ್ಕ ಹೊಗಿ ಹಾಕೂ ಶೆಗಡಿಯಿಂದ ಉಳ್ಳಿದ ಕೆಂಡ ಬೆರಳಿಲೆ ಎತ್ತಿ ಒಳಗ ಹಾಕೂದನ್ನ ನೋಡಿದ್ದೆ. ಒಲಿ ಮ್ಯಾಲಿನ ಅಳ್ವಿ ಪಾಯಸದ ಪಾತೇಲಿ ಬಟ್ಟಿ ಇಲ್ಲದ ಇಳಿಸಿದ್ದನ್ನ ನೋಡಿದ್ದೆ. "ಏನ್ ಗಟ್ಟಿ ಕೈಯವ್ವಾ ಯಕ್ಕಂದು!" ಅಂತ ಓಣಿ ಹೆಣ್ಮಕ್ಕಳು ಹೊಗಳತಿದ್ದರು. ಹೊಲದಾಗ ದುಡದಾಕಿ, ಒಲಿ ಮುಂದ ಐವತ್ತು ವರ್ಷ ಕುಂತಾಕಿ, ಕೈ ಹಂಗ ಇರತೈತಿ ಅಂತ ನಾನೂ ತಿಳಕೊಂಡೆ. ನನ್ನ ಕೈಯೂ ಹಂಗ ಐತಿ. ರೊಟ್ಟಿ ಬಡಿಯೂ ಹೆಣ್ಣು ಮಾತ್ರ ಮಾಡೂ ತಪ್ಪು ಇದು. ಗಟ್ಟಿ ಕೈ ಯಾವುದು, ಸತ್ತ ಕೈ ಯಾವುದು, ಹೊರಗಿಂದ ನೋಡಿದ್ರ ಎರಡೂ ಒಂದ ನಮೂನಿ.

ಹದಿನಾಕನೇ ದಿವಸ ಬೆನ್ನಿಗೆ ಎಣ್ಣಿ ಹಚ್ಚೂವಾಗ ನನ್ನ ಬೆರಳಿಗೆ ಗುಳ್ಳಿ ತಾಕಿದವು. ಬಾಣಂತಿ ಮೈ ಹಿಂದಕ ಜಗ್ಗಿಕೊಂಡಳು. ಕಿಟಕಿ ಪರದೆ ಸರಿಸಿ ಬೆಳಕಿಗೆ ನೋಡಿದೆ. ಎರಡೂ ಹೆಗಲು, ಬೆನ್ನಿನ ನಡು ಕೆಂಪಗಾಗಿ, ಅಲ್ಲಲ್ಲಿ ನೀರು ಗುಳ್ಳಿ ಎದ್ದಿದ್ದವು.

"ತಂಗಿ, ಇದೇನು?"

"ಏನಿಲ್ಲ ಆಯಿ. ಬೆವರಸಾಲಿ."

"ಬೆವರಸಾಲಿ ನಾ ನೋಡೇನಿ. ಇದು ಸುಟ್ಟದ್ದು."

ಹಿತ್ತಲದಾಗ ಯಕ್ಕ, "ಏ, ಉರಿ ಸಣ್ಣ ಮಾಡ್ರೀ," ಅಂತ ಯಜಮಾನಗ ಒದರಾಕತ್ತಿದ್ದಳು. ಕಿವಿ ಕೇಳದ ಆತ ಮತ್ತೊಂದು ಕಟಗಿ ತುರುಕಿದ.

"ಅವ್ವನ ಕೈಗೆ ಬಿಸಿ ಗೊತ್ತಾಗೂದಿಲ್ಲ ಆಯಿ," ಅಂದಳು ಬಾಣಂತಿ, ಸಣ್ಣ ದನೀಲೆ. "ಶುಗರ್ ಹದಿನೈದು ವರ್ಷದ್ದು. ಹೋದ ವರ್ಷ ಡಾಕ್ಟರ್ ಕೈಗೂ ಕಾಲಿಗೂ ಸೂಜಿ ಚುಚ್ಚಿ ನೋಡಿದ್ರು. ಅಕಿ ಆಕಡೆ ಹೊಳ್ಳಿ ನನ್ನ ಜೋಡಿ ಮಾತಾಡಾಕತ್ತಿದ್ಲು, ಚುಚ್ಚಿದ್ದು ತಿಳೀಲೇ ಇಲ್ಲ. ನರ ಸತ್ತಾವ ಅಂದ್ರು. ಅಕಿಗೆ ನಾವು ಹೇಳಿಲ್ಲ."

"ಮೊದಲನೇ ತಂಬಿಗೀಗೆ ನೀ ಚೀರಬೇಕಿತ್ತು."

"ಎರಡು ತಂಬಿಗಿ ಹಾಕಿದ ಮ್ಯಾಲೆ ಅಕಿ ಕೇಳಿದ್ಲು, ಹಿತ ಅನಸತೈತೇನವ್ವಾ ಅಂತ. ಹೂಂ ಅಂದೆ."

ನನಗ ಸಿಟ್ಟು ಬಂತು. "ಕಲತಾಕಿ ನೀ, ಸಾಲ್ಯಾಗ ಮಂದಿಗೆ ಬುದ್ಧಿ ಹೇಳಾಕಿ. ಹಸಿ ಮೈ ಐತಿ. ನಂಜಾದ್ರ ಯಾರು ಹೊಣಿ? ನಾ ಈಗ ಹೋಗಿ ಹೇಳತೇನಿ."

ಆಕಿ ಎಣ್ಣಿ ಕೈ ಸುದ್ದಾ ನನ್ನ ಮುಂಗೈ ಹಿಡದಳು. "ಬ್ಯಾಡ್ರಿ ಆಯಿ. ನನಗ ಎರಡು ಸಲ ಹೊಟ್ಟಿ ನಿಂತು ಹೋತು. ಎರಡೂ ಸಲ ಅಕಿ ಬಿಜ್ಜರಗಿಯಿಂದ ಬಂದು ನನ್ನ ಬಾಜೂಕ ಮಲಗಿದ್ಲು. ನೀ ಹಡಿ ಸಾಕು, ಮುಂದಿಂದು ನನಗ ಬಿಡು ಅಂತಿದ್ಲು. ಅದೊಂದ ಮಾತಿನ ಮ್ಯಾಲೆ ಈ ಎಂಟು ವರ್ಷ ನಾ ಸೂಜಿ ಚುಚ್ಚಿಸಿಕೊಂಡೇನಿ. ಈಗ ನಿನ್ನ ಕೈ ಸತ್ತಾವ, ನೀ ಬ್ಯಾಡ ಅಂತ ಹೆಂಗ ಅನ್ಲಿ? ನಾ ಇಪ್ಪತ್ತೈದಕ್ಕ ಹಡದಿದ್ರ ಅಕಿ ಕೈ ಜೀವಂತ ಇದ್ದವು. ತಡ ಮಾಡಿದಾಕಿ ನಾನು. ಕೂಸಿಂದು ನೀವು ನೋಡ್ಕೊಳ್ರಿ. ನಂದು ನಡೀತೈತಿ."

ಇಪ್ಪತ್ತೈದರ ಮಾತು ಕೇಳಿ ನನಗ ನನ್ನ ಚೊಚ್ಚಲ ನೆನಪಾತು. ಬಬಲೇಶ್ವರ ಕಡೆ ನನ್ನ ತವರು. ನನಗ ಹದಿನೈದು, ನನ್ನ ಅವ್ವಗ ಮೂವತ್ತೆರಡು. ಆಕಿ ಬಗಲಾಗೂ ಮೊಲಿ ಕುಡಿಯೂ ಕೂಸಿತ್ತು. ಆಕಿ ಕೈ ಕಬ್ಬಿಣ. ನನ್ನನ್ನ ಎತ್ತಿ ಬಚ್ಚಲಕ್ಕ ಒಯ್ದು ಎರದಾಕಿ, ನೀರಿನ ಹದ ಒಂದು ಕೂದಲೆಳಿ ತಪ್ಪಲಿಲ್ಲ. ಆದ್ರ ನನ್ನ ಮೈಯಾಗ ರಕ್ತ ಇರಲಿಲ್ಲ, ಎದಿಯಾಗ ಹಾಲು ಇಳೀಲಿಲ್ಲ, ಕೂಸು ಒಂಬತ್ತನೇ ದಿವಸ ಹೋತು. ತಾಯಿ ಗಟ್ಟಿ ಇದ್ದಾಗ ಮಗಳ ಮೈ ಹಸಿಕಾಯಿ, ಮಗಳು ಮಾಗೂದರಾಗ ತಾಯಿ ಸೋತಿರತಾಳ. ಎರಡರ ನಡುವ ಸರಿ ವಯಸ್ಸು ಯಾವುದು ಅಂತ ನನಗ ಯಾರೂ ಹೇಳಿಲ್ಲ. ನಾನೂ ಯಾರಿಗೂ ಹೇಳೂದಿಲ್ಲ.

ಬಾಣಂತಿಗೆ ಹೂಂ ಅಂದೆ. ನನ್ನ ಜಲಮದಾಗ ಒಬ್ಬರ ಮಾರಿ ನೋಡಿ ಬಾಯಿ ಮುಚ್ಚಿಕೊಂಡದ್ದು ಅದ ಮೊದಲು.

ಮರುದಿವಸದಿಂದ ಒಂದು ಉಪಾಯ ಮಾಡಿದೆ. ಬಚ್ಚಲ ಬಾಗಲ ಹಿಂದ ಒಂದು ಕೊಡಪಾನ ತಣ್ಣೀರು ಮೊದಲ ತುಂಬಿ ಇಡತಿದ್ದೆ. ಯಕ್ಕ ಹಿತ್ತಲದಾಗ ಹದ ಮಾಡಿದ ಕೂಡಲೆ, "ಯಕ್ಕಾ, ಬಕೆಟ್ಟು ಭಾರ ಐತಿ, ನಾ ಒಯ್ತೇನಿ. ಹೊಟ್ಟಿ ಗಾಯಕ್ಕ ನೀರು ಬಡೀಲಾರದಂಗ ಟಾವೆಲ್ಲೂ ನಾ ಅಡ್ಡ ಹಿಡೀತೇನಿ," ಅಂತ ಹೇಳಿ ಮುಂದ ಹೋಗತಿದ್ದೆ. ಆಕಿ ಸೆರಗು ಸಿಕ್ಕಿಸಿಕೊಂಡು ಬರೂದರಾಗ ಕೊಡಪಾನದಿಂದ ಮೂರು ನಾಕು ತಂಬಿಗಿ ಸುರವಿ, ಮೊಣಕೈ ಇಟ್ಟು ನೋಡಿ, ಕೊಡಪಾನ ಮತ್ತ ಬಾಗಲ ಹಿಂದ. ಸುಟ್ಟ ಜಾಗಕ್ಕ ಬಾಣಂತಿ ಡಾಕ್ಟರನ್ನ ಕೇಳಿ ತರಿಸಿದ ಮುಲಾಮು ನಾನ ಹಚ್ಚಿದೆ. ನಾಕು ದಿವಸಕ್ಕ ಗುಳ್ಳಿ ಇಳದವು.

ಆ ವಾರ ಯಕ್ಕನ ಮಾರಿ ನೋಡಬೇಕಿತ್ತು. ತಂಬಿಗಿ ತಂಬಿಗಿಗೂ ಮಗಳ ತಲಿ ಮ್ಯಾಲೆ ಕೈಯಾಡಿಸಿ, "ಹಿತ ಅನಸತೈತೇನವ್ವಾ?" ಅಂತಿದ್ದಳು. "ಭಾಳ ಹಿತ ಐತಿ ಅವ್ವಾ," ಅಂತಿದ್ದಳು ಮಗಳು. ಈಗ ಖರೇನ ಹಿತ ಇತ್ತು. ಇಬ್ಬರೂ ಸಂತೋಷದಿಂದ ಇದ್ದರು. ಟಾವೆಲ್ ಹಿಡದು ನಿಂತ ನನಗ ಮಾತ್ರ ಎದ್ಯಾಗ ಒಂದು ಮುಳ್ಳು.

ಒಂದಿವಸ ಓಣಿ ಹೆಣ್ಣೊಬ್ಬಾಕಿ ಕೂಸು ನೋಡಾಕ ಬಂದು, "ಆಯಿ ಆಗೂ ವಯಸ್ಸಿನ್ಯಾಗ ಅವ್ವ ಆಗ್ಯಾಳ, ಪಾಪ," ಅಂದಳು.

"ನಿಮ್ಮ ಮಗಳು ಹತ್ತೊಂಬತ್ತಕ್ಕ ಹಡದಾಳ, ಎರದಾಕಿ ನಾನ," ಅಂದೆ. "ರಕ್ತ ಇಲ್ಲಂತ ಮೂರು ಬಾಟಲಿ ಏರಿಸಿದ್ದು ಯಾರಿಗ್ರಿ?" ಆಕಿ ಚಾ ಅರ್ಧ ಬಿಟ್ಟು ಎದ್ದು ಹೋದಳು. ಬಾಣಂತಿ ಹೊಟ್ಟಿ ಹಿಡಕೊಂಡು ನಕ್ಕಳು. ಗಾಯ ಜಗ್ಗತೈತಿ, ನಗಬ್ಯಾಡ ಅಂತ ಬೈದೆ. ಆ ಮನ್ಯಾಗ ಕಡೀಕ ನಕ್ಕದ್ದು ಅವತ್ತ.

ಇಪ್ಪತ್ತೊಂದನೇ ದಿವಸ ತೊಟ್ಟಲ. ಯಕ್ಕ ಇಳಕಲ್ಲ ಸೀರಿ ಉಟ್ಟು, ಕೈ ತುಂಬ ಹೊಸ ಹಸರ ಬಳಿ ಇಟ್ಟುಕೊಂಡಿದ್ದಳು. ಹಿತ್ತಲದಾಗ ಹತ್ತು ಹದಿನೈದು ಹೆಣ್ಮಕ್ಕಳು. ಅವತ್ತ ಮಂದಿ ಭಾಳ ಅಂತ ಯಜಮಾನ ಹಂಡೆ ಕಂಠಮಟ ತುಂಬಿ, ಉರಿ ಮುಂದಕ ಹಾಕಿದ್ದ. ನೀರು ಗುಳು ಗುಳು ಕುದಿಯಾಕತ್ತಿತ್ತು.

ಯಕ್ಕ ಕೂಸಿನ ನೀರು ತಾನ ಹದ ಮಾಡಿದಳು. ಅಂಗೈ ಅದ್ದಿ, "ಸರಿ ಆತು," ಅಂದಳು. ಬಕೆಟ್ಟಿನ ಮ್ಯಾಲಿನ ಹಬಿ ನನಗ ದೂರಿಂದನ ಕಾಣಸತಿತ್ತು. ನಾನು ಬಕೆಟ್ಟು ಎತ್ತಿಕೊಂಡು ಒಳಗ ಹೋದೆ, ಕೊಡಪಾನ ಬಗ್ಗಿಸಿದೆ. ದಿನಾ ಆಕಿ ಬರಾಕ ಒಂದು ಗಳಿಗಿ ಹಿಡೀತಿತ್ತು. ಅವತ್ತ ಕೂಸಿನ ಆತುರ, ನನ್ನ ಹಿಂದಿಂದನ ಬಂದಳು.

"ಏನ್ ಮಾಡಾಕತ್ತೀಬೇ?"

ಕೊಡಪಾನ ನನ್ನ ಕೈಯಾಗ ಇತ್ತು.

"ನಾ ಮಾಡಿದ ಹದಕ್ಕ ತಣ್ಣೀರ ಯಾಕ ಸುರವಿದಿ?" ದನಿ ಏರಿತು. ಬಾಗಲಕ್ಕ ಹೆಣ್ಮಕ್ಕಳು ಬಂದು ನಿಂತರು. "ಎಷ್ಟು ದಿವಸಾತು ಇದು? ಅದಕ್ಕ ಏನು, ನನ್ನ ಮಗಳು ದಿನಾ ಬಚ್ಚಲದಿಂದ ಹೊರಗ ಬಂದ ಕೂಡಲೆ ಸೀನತಾಳ! ತಣ್ಣೀರು ಹಾಕಿ ಬಾಣಂತಿಗೆ ಸೀತ ಹತ್ತಸಾಕತ್ತೀಯೇನ ನೀ? ನನ್ನ ಮಗಳಿಗೆ ಮುಪ್ಪಿನ್ಯಾಗ ಬಂದದ್ದು ಅದೊಂದ ಕೂಸು. ನೀ ಅದನ್ನ—"

"ಅವ್ವಾ, ಆಯಿಗೆ ನಾನ ಹೇಳೇನಿ," ಅಂತ ಬಾಣಂತಿ ಒಳಗಿಂದ ಬಂದಳು. ಯಕ್ಕ ಕೇಳೂ ಸ್ಥಿತಿಯಾಗ ಇರಲಿಲ್ಲ. ನನ್ನ ರಟ್ಟಿ ಹಿಡದು ಹೊರಗ ಹಿತ್ತಲಕ್ಕ ಎಳದಳು. "ಮೈ ತಿಕ್ಕಾಕ ಬಂದಾಕಿ ಮೈ ತಿಕ್ಕು. ಲೇ, ನನ್ನ ಮನಿ ಕೂಸಿನ ಮ್ಯಾಲೆ ಕಣ್ಣ ಹಾಕಬ್ಯಾಡ!"

ಅಲ್ಲಿ ನನ್ನ ಬಾಯಿ ಹರೀತು. ಏಳು ದಿವಸ ಹಿಡದಿದ್ದು.

"ನಿನ್ನ ಕೈ ಸತ್ತಾವ ಯಕ್ಕಾ! ಬಿಸಿ ತಿಳೀವಲ್ದು ನಿನಗ! ನಿನ್ನ ಮಗಳ ಬೆನ್ನು ನೋಡು, ಸುಟ್ಟೀದಿ ನೀ ಅಕಿನ್ನ! ಅಕಿ ನುಂಗ್ಯಾಳ, ಕೂಸು ನುಂಗತೈತೇನು?"

ಯಕ್ಕ ಮಗಳ ಮಾರಿ ನೋಡಿದಳು. ಮಗಳು ನೆಲ ನೋಡಿದಳು.

"ಸುಳ್ಳು," ಅಂದಳು ಯಕ್ಕ. ಹಿಂದ ಹೊಳ್ಳಿದಳು, ಹಂಡ್ಯಾಗ ಬಲಗೈ ಇಳಿಬಿಟ್ಟಳು. ಮುಂಗೈ ತನಕ, ಬಳಿ ಸುದ್ದಾ, ಕುದಿಯೂ ನೀರಾಗ. ಮಾರಿ ಮ್ಯಾಲಿನ ಒಂದು ನರ ಅಲಗಲಿಲ್ಲ. ಹೆಣ್ಮಕ್ಕಳ ಕಡೆ ನೋಡಿ ಸಣ್ಣಗ ನಕ್ಕಳು.

"ನೋಡ್ರಿ, ಬೆಚ್ಚಗೈತಿ. ಬೆಚ್ಚಗಿರೂದು ನನಗ ಗೊತ್ತಾಗವಲ್ದೇನು?"

ಯಜಮಾನಗ ಮಾತು ಕೇಳಿರಲಿಲ್ಲ, ಕಣ್ಣು ಕಂಡಿದ್ದವು. ಮಣಿಯಿಂದ ಎದ್ದು, ಮುಗ್ಗರಿಸಿ, ಆಕಿ ರಟ್ಟಿ ಹಿಡದು ಎಳದು ಹೊರಗ ತಗದ. ಕೈ ಬೆಂದ ಗಜ್ಜರಿ ಬಣ್ಣಕ್ಕ ತಿರುಗಿತ್ತು. ಯಕ್ಕ ಅದನ್ನ ಬ್ಯಾರೆಯವರ ಕೈ ನೋಡಿದಂಗ ನೋಡಿದಳು.

ಒಬ್ಬಾಕಿ ಅರಿಷಿಣ ಅಂದಳು, ಒಬ್ಬಾಕಿ ಪೇಸ್ಟು ಅಂದಳು. ಎಲ್ಲಾರನ್ನೂ ಹಿಂದಕ ದಬ್ಬಿ ಆಕಿ ಕೈ ನಳದ ಕೆಳಗ ಹಿಡದೆ. ಹಿಡದ ನಿಂತೆ. ಕೈ ಬಾತಕೊಳ್ಳಾಕತ್ತಿತು. ಬಳಿ ಈಗ ತಗೀಲಿಲ್ಲಂದ್ರ ಮುಂಗೈ ಕಟ್ಟಿಹೋಗತಿತ್ತು. ಜಾರಿಸಿ ತಗಿಯಾಕ ಬರೂ ಹಂಗ ಇರಲಿಲ್ಲ, ಚರ್ಮ ಸುಲದು ಬರತಿತ್ತು. ಒಡೀಬೇಕು. ಗಂಡ ಮುಂದ ನಿಂತಾನ, ತೊಟ್ಟಲದ ದಿವಸ, ಮುತ್ತೈದಿ ಕೈಯಾಗಿನ ಹಸರ ಬಳಿ ಒಡಿಯಾಕ ಯಾರೂ ಮುಂದ ಬರಲಿಲ್ಲ. ನಾನು ಒಲಿ ಬಾಜೂಕಿನ ಸಣ್ಣ ಕಲ್ಲು ತಗೊಂಡೆ. ಒಂದೊಂದ ಒಡದೆ. ಯಜಮಾನ ಗ್ವಾಡಿಗೆ ಮಾರಿ ಮಾಡಿ ನಿಂತ. ಯಕ್ಕ ಅಳಲಿಲ್ಲ. ಒಂದ ಮಾತು ಕೇಳಿದಳು.

"ಬ್ಯಾನಿ ಯಾಕ ಆಗವಲ್ದು ಬೇ?"

ಆಟೋದಾಗ ದವಾಖಾನಿಗೆ ಒಯ್ದಿವಿ. ತೊಟ್ಟಲ ಹಂಗ ನಿಂತಿತು, ಕೂಸಿಗೆ ಹೆಸರು ಕರೀಲಿಲ್ಲ. ಸುಟ್ಟದ್ದಕ್ಕಿಂತ ಶುಗರಿನ ಹೆದರಿಕಿ ಹೆಚ್ಚು ಅಂದರು ಡಾಕ್ಟರ್. ಹಂಗ ಆತು. ಗಾಯ ಒಣಗಲಿಲ್ಲ, ಕಪ್ಪಾತು. ಒಂಬತ್ತನೇ ದಿವಸ ಎರಡು ಬೆರಳು ತಗದರು. ಬಾಣಂತಿ ಹಸಿ ಮೈಯಾಗ ದವಾಖಾನಿ ಪಾವಟಿಗಿ ಹತ್ತಿ ಇಳದು ಮಾಡಿದಳು. ಕೂಸಿಗೆ ಹಾಲು ಕುಡಿಸಿ ಓಡೂದು, ಅವ್ವಗ ಗಂಜಿ ಕುಡಿಸಿ ಓಡಿ ಬರೂದು. ಬಾಣಂತನ ಮಾಡಾಕ ಬಂದಾಕಿಗೆ ಬಾಣಂತಿನ ಉಪಚಾರ ಮಾಡಿದಳು. ನಾನು ಬೆಳಿಗ್ಗೆ ಕೂಸಿಗೆ ಎರದು, ದವಾಖಾನಿಗೆ ಹೋಗಿ ಯಕ್ಕನ ಮೈ ಒರಸಿ ಬರತಿದ್ದೆ. ಯಾರೂ ಬಾ ಅನ್ನಲಿಲ್ಲ, ಬರಬ್ಯಾಡ ಅಂತನೂ ಅನ್ನಲಿಲ್ಲ.

ಬೆರಳು ತಗಿಯೂತನಕ ಆಕಿ ನನ್ನ ಜೋಡಿ ಮಾತಾಡಲಿಲ್ಲ. ತಗದ ಮರುದಿವಸ ಕೇಳಿದಳು.

"ನಿನಗ ಎಷ್ಟು ದಿವಸದಿಂದ ಗೊತ್ತಿತ್ತು?"

"ಏಳು ದಿವಸ."

"ನನ್ನ ಮಗಳಿಗೆ?"

"ವರ್ಷದಿಂದ."

ಆಕಿ ಮ್ಯಾಲೆ ತಿರುಗೂ ಫ್ಯಾನ್ ನೋಡಕೋತ ಮಲಗಿದ್ದಳು. "ಹಿತ ಅನಸತೈತೇನು ಅಂತ ಕೇಳಿದೆ ನಾ. ಸುಡೂ ನೀರು ಹಾಕಿ ಕೇಳಿದೆ. ಹೂಂ ಅಂದ್ಲಲ್ಲ ಬೇ. ನಾಕು ದಿವಸ ಹೂಂ ಅಂದ್ಲಲ್ಲ." ಆಮ್ಯಾಲೆ ಅಂದಳು, "ಮೊದಲನೇ ದಿವಸ ನನ್ನೊಬ್ಬಾಕಿನ್ನ ಕರದು ನೀ ಹೇಳಬೇಕಿತ್ತು. ಬೈತಿದ್ದೆ, ಅಳತಿದ್ದೆ. ಕೇಳತಿದ್ದೆ."

ಹೌದು ಅಂದೆ. ನಾಕು ಗ್ವಾಡಿ ನಡುವ ಹೇಳಬೇಕಾದ್ದನ್ನ ನಾನು ಮುಚ್ಚಿಟ್ಟೆ, ಮಂದಿ ಮುಂದ ಒದರಿದೆ. ಮೂವತ್ತು ವರ್ಷದ ಕೆಲಸದಾಗ ನನ್ನ ಕೈ ತಪ್ಪಿದ್ದು ನೀರಾಗಲ್ಲ, ಮಾತಿನಾಗ.

ನಲವತ್ತನೇ ದಿವಸ, ನನ್ನ ಕೆಲಸದ ಕಡೀ ದಿವಸ, ಯಕ್ಕ ಮನಿಗೆ ಬಂದಿದ್ದಳು. ಬಲಗೈ ಬಿಳಿ ಪಟ್ಟಿ ಸುತ್ತಿ ಕೊರಳಿಗೆ ತೂಗಹಾಕಿದ್ದರು. ನಾನು ಕೂಸಿನ ಕೆಲಸಕ್ಕ ಕುಂದ್ರೂ ಹೊತ್ತಿಗೆ ಬಚ್ಚಲ ಬಾಗಲಕ್ಕ ಬಂದು ನಿಂತಳು.

"ನಾ ಎರಿಯೂದಿಲ್ಲ. ಎರಿಯಾಕಿ ನೀನ. ಕೂಸಿನ್ನ ಒಂದ ಸಲ ನನ್ನ ಕಾಲ ಮ್ಯಾಲೆ ಹಾಕು. ನಾ ಬರೇ ಕುಂದ್ರತೇನಿ."

ಮಣಿ ಮ್ಯಾಲೆ ಕುಂತು, ಸೀರಿ ಮೊಣಕಾಲತನಕ ಏರಿಸಿ, ಎರಡೂ ಕಾಲು ಜೋಡಿಸಿ ಮುಂದ ಚಾಚಿದಳು. ಹಿತ್ತಲದಾಗ ಯಜಮಾನ ಹಂಡೆ ಕೆಳಗ ಬೆಂಕಿ ಮಾಡಿದ್ದ, ಕಟಗಿ ಹಸಿ ಇತ್ತು, ಹೊಗಿ ಬಚ್ಚಲ ತುಂಬ ಅಡರಿತು. ಬಾಣಂತಿ ತಾನ ಬಂದು ಬಕೆಟ್ಟಿನ್ಯಾಗ ಮೊಣಕೈ ಇಟ್ಟು ನೋಡಿದಳು, ನನ್ನ ಕಡೆ ನೋಡಿ ಗೋಣು ಹಾಕಿದಳು. ಯಕ್ಕ ಹೊಗಿಗೆ ಗಟ್ಟಿಯಾಗಿ ಕಣ್ಣ ಮುಚ್ಚಿಕೊಂಡಳು.

ಕೂಸಿನ್ನ ಆಕಿ ಕಾಲ ಮ್ಯಾಲೆ ಮಲಗಿಸಿದೆ. ಕುತಗಿ ಕೆಳಗ ನನ್ನ ಕೈ ಇಟ್ಟುಕೊಂಡು ಒಂದು ತಂಬಿಗಿ ನೀರು ಹಾಕಿದೆ. ಕೂಸು ಅಳಲಿಲ್ಲ, ಕಾಲು ಬಡೀತು. ಎರಡನೇ ತಂಬಿಗಿ ತುಂಬಿದೆ.

ಯಕ್ಕ ಕಣ್ಣ ಮುಚ್ಚಿದಂಗನ ಕಾಯ್ಕೋತ ಕುಂತಿದ್ದಳು.

"ಹಾಕೂದಿಲ್ಲೇನಬೇ ಕೂಸಿನ್ನ?" ಅಂದಳು. "ಎಷ್ಟೊತ್ತು ಕುಂದ್ರಸತಿ?"

ಬಾಣಂತಿ ಬಾಯಿಗೆ ಸೆರಗು ಹಿಡದು ಗ್ವಾಡಿಗೆ ಆತು ನಿಂತಳು. ಹೊರಗ ಯಜಮಾನ ಊದುಗೊಳವಿ ಊದಾಕತ್ತಿದ್ದ. ತಂಬಿಗಿ ಕೆಳಗಿಟ್ಟು ಕೂಸಿನ್ನ ಆಕಿ ಕಾಲ ಮ್ಯಾಲಿಂದ ಎತ್ತಿದೆ. ಒದ್ದಿ ಕೂಸು, ನೀರು ಸೋರಾಕತ್ತಿತ್ತು. ಹಂಗ ತಗೊಂಡು ಆಕಿ ಕುತಗಿ ಕೆಳಗ, ಬರಿ ಎದಿಗೆ ಹಚ್ಚಿದೆ.

ಯಕ್ಕ ಬೆಚ್ಚಿಬಿದ್ದಳು. ಎಡಗೈ ತಾನಾಗಿ ಮ್ಯಾಲೆ ಬಂದು ಕೂಸಿನ ಬೆನ್ನ ಹಿಡೀತು. ಕಣ್ಣ ತಗೀಲಿಲ್ಲ.

"ಬೆಚ್ಚಗೈತಿ," ಅಂದಳು.